ಹತ್ತನೇ ಕ್ಲಾಸಿನ ನಂತರ: ಶಿಡ್ಲಘಟ್ಟದ ತಾಯಿಯೊಬ್ಬರಿಗೆ ಉತ್ತರ

ಅಮ್ಮಾ, ನಮಸ್ಕಾರ.

ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಬೇರೆ ಓದುಗರಿಗಾಗಿ ನಿಮ್ಮ ಪತ್ರದ ಸಾರ ಇಷ್ಟು. ಶಿಡ್ಲಘಟ್ಟ ತಾಲ್ಲೂಕಿನಲ್ಲಿ ರೇಷ್ಮೆ ಹುಳು ಸಾಕುತ್ತೀರಿ. ಮಗಳು ಈ ವರ್ಷ ಎಸ್‌ಎಸ್‌ಎಲ್‌ಸಿ. ಬೆಂಗಳೂರಿನ ಹಾಸ್ಟೆಲಿಗೆ ಸೇರಿಸಿ ನೀಟ್ (ವೈದ್ಯಕೀಯ ಪ್ರವೇಶ ಪರೀಕ್ಷೆ) ಕೋಚಿಂಗ್ ಕೊಡಿಸೋಣ ಅಂತ ಅವಳ ಸೋದರಮಾವ ಹೇಳುತ್ತಿದ್ದಾರೆ. ಅವಳಿಗೆ ಐಟಿಐ ಎಲೆಕ್ಟ್ರಿಷಿಯನ್ ಆಸೆ. "ಅದು ಫೇಲಾದ ಹುಡುಗರು ಹೋಗೋ ಜಾಗ" ಎಂದು ಅವಳಪ್ಪ ಬೈದಿದ್ದಾರೆ. ಯಾರ ಮಾತು ಕೇಳಲಿ ಎಂಬುದು ನಿಮ್ಮ ಪ್ರಶ್ನೆ.

ಮೊದಲು ಮಗಳ ಮಾತು ಕೇಳಿ. ಬೋರ್‌ವೆಲ್ ಸ್ಟಾರ್ಟರ್ ಕೆಟ್ಟರೆ ಅವಳೇ ಬಿಚ್ಚಿ ಸರಿಮಾಡುತ್ತಾಳೆ ಎಂದು ಕೊನೆಯಲ್ಲಿ ಬರೆದಿದ್ದೀರಿ. ಇಡೀ ಪತ್ರದಲ್ಲಿ ನನಗೆ ಮುಖ್ಯ ಅನಿಸಿದ್ದು ಅದೇ. (ಮೇನ್ ಆಫ್ ಮಾಡಿದ ಮೇಲೇ ಬಿಚ್ಚಲಿ, ಜೊತೆಗೆ ದೊಡ್ಡವರೊಬ್ಬರು ಇರಲಿ. ತ್ರೀ ಫೇಸ್ ಕರೆಂಟು ಆಟವಲ್ಲ.)

ಐಟಿಐ ಬಗ್ಗೆ ಅವಳಪ್ಪನ ಮಾತು ತಪ್ಪು. ಎಲೆಕ್ಟ್ರಿಷಿಯನ್ ಟ್ರೇಡ್ 2 ವರ್ಷದ್ದು. ಮುಗಿಸಿದವರು ಅಪ್ರೆಂಟಿಸ್ ಆಗಿ ಸ್ಟೈಪೆಂಡ್ ಪಡೆಯುತ್ತಾ ಕೆಲಸ ಕಲಿಯಬಹುದು. ಓದು ಮುಂದುವರಿಸಬೇಕು ಅನಿಸಿದರೆ ಪಾಲಿಟೆಕ್ನಿಕ್ ಡಿಪ್ಲೊಮಾದ ಎರಡನೇ ವರ್ಷಕ್ಕೇ ಸೇರುವ ಅವಕಾಶವಿದೆ.

ಆದರೂ ಗಣಿತ, ವಿಜ್ಞಾನದಲ್ಲಿ ಅಂಕ ಚೆನ್ನಾಗಿ ಬಂದರೆ ನಾನು ಡಿಪ್ಲೊಮಾ ಕಡೆಗೇ ಹೇಳುತ್ತೇನೆ. 3 ವರ್ಷ ಓದು. ಬೆಸ್ಕಾಂನಂಥ ವಿದ್ಯುತ್ ಕಂಪನಿಗಳಲ್ಲಿ ಜೂನಿಯರ್ ಎಂಜಿನಿಯರ್ ಹುದ್ದೆಗೆ ಕೇಳುವುದು ಎಲೆಕ್ಟ್ರಿಕಲ್ ಡಿಪ್ಲೊಮಾವನ್ನೇ. ಮುಂದೆ ಬಿಇ ಮಾಡುವ ಮನಸ್ಸಾದರೆ ಡಿಸಿಇಟಿ (ಡಿಪ್ಲೊಮಾ ಮುಗಿಸಿದವರ ಪ್ರವೇಶ ಪರೀಕ್ಷೆ) ಬರೆದು ಎರಡನೇ ವರ್ಷಕ್ಕೆ ಸೇರಬಹುದು. ಅಂದರೆ ಪಿಯುಸಿ ಮಾಡದೆಯೂ ಎಂಜಿನಿಯರ್ ಆಗಬಹುದು. ಇದು ಎಷ್ಟೋ ಮನೆಗಳಲ್ಲಿ ಗೊತ್ತೇ ಇಲ್ಲ, ಅದೇ ನನಗೆ ಬೇಜಾರು. ಚಿಂತಾಮಣಿಯಲ್ಲಿ ಸರ್ಕಾರಿ ಪಾಲಿಟೆಕ್ನಿಕ್ ಇದೆ. ಯಾವ ಬ್ರಾಂಚ್‌ಗಳಿವೆ, ಫೀಸು ಎಷ್ಟು ಎಂದು ಈಗಲೇ ಹೋಗಿ ವಿಚಾರಿಸಿ. ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ, ಮನೆಯಿಂದಲೇ ಓಡಾಡಬಹುದು.

ಸೋದರಮಾವನ ಮಾತನ್ನೂ ಸುಮ್ನೆ ತಳ್ಳಿಹಾಕಬೇಡಿ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ ನಾಲ್ಕೂ ತೆಗೆದುಕೊಂಡರೆ ವೈದ್ಯಕೀಯ, ಎಂಜಿನಿಯರಿಂಗ್, ಕೃಷಿ ಮೂರಕ್ಕೂ ದಾರಿ ಇರುತ್ತದೆ. ನಿಮ್ಮ ಕಸುಬಿಗೇ ಡಿಗ್ರಿ ಇದೆ ಗೊತ್ತಾ? ಚಿಂತಾಮಣಿಯ ರೇಷ್ಮೆ ಕೃಷಿ ಕಾಲೇಜಿನಲ್ಲಿ 4 ವರ್ಷದ ಬಿಎಸ್ಸಿ. ಕೃಷಿ ಕೋರ್ಸುಗಳಿಗೆ ಸೀಟು ಹಂಚುವಾಗ ಸಿಇಟಿಯಲ್ಲಿ ರೈತರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆ, ಅದಕ್ಕೊಂದು ಪ್ರಾಯೋಗಿಕ ಪರೀಕ್ಷೆಯೂ ಇದೆ. ಸೊಪ್ಪು ಕೊಯ್ದು, ಹುಳ ಮೇಯಿಸಿ ಬೆಳೆದ ಹುಡುಗಿ ಅಲ್ಲಿ ಯಾಕೆ ಹೆದರಬೇಕು?

ನನಗೆ ಒಪ್ಪಿಗೆಯಿಲ್ಲದ್ದು ಒಂದೇ. ಡಾಕ್ಟರ್ ಆಗುತ್ತೇನೆ ಎಂದು ಒಮ್ಮೆಯೂ ಹೇಳದ ಮಗುವನ್ನು ಸಾಲ ಮಾಡಿ ನೀಟ್ ಕೋಚಿಂಗಿಗೆ ಕಳಿಸುವುದು. ಹದಿನಾರರ ಹುಡುಗಿ ಬೇರೆಯವರ ಆಸೆ ಹೊತ್ತುಕೊಂಡು ಎರಡು ವರ್ಷ ಹಾಸ್ಟೆಲಿನಲ್ಲಿ ಕೂತರೆ ಎಷ್ಟು ಸೊರಗುತ್ತಾಳೆ ಯೋಚಿಸಿ. ಅವಳಾಗಿಯೇ ಕೇಳಿದರೆ ಮಾತು ಬೇರೆ.

ಪರೀಕ್ಷೆ ಮುಗಿದ ಮೇಲಿನ ರಜೆಯಲ್ಲಿ ಅವಳನ್ನು ಕೆಲಸ ನಡೆಯುವ ಜಾಗಗಳಿಗೆ ಕರೆದುಕೊಂಡು ಹೋಗಿ. ಪೇಟೆಯ ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ಒಂದಿಡೀ ದಿನ ಕೂರಲಿ. ಐಟಿಐ ವರ್ಕ್‌ಶಾಪ್ ನೋಡಲಿ, ಅಲ್ಲಿ ಓದುತ್ತಿರುವ ಹುಡುಗಿಯರನ್ನು ಮಾತಾಡಿಸಲಿ. ರೇಷ್ಮೆ ಕಾಲೇಜಿಗೂ ಹೋಗಿ ಬನ್ನಿ. ಅವಳಪ್ಪನೂ ಜೊತೆಗೆ ಬರಲಿ, ಅವರಿಗೇ ಇದು ಜಾಸ್ತಿ ಬೇಕು. ಕರೆಂಟಿನ ಕೆಲಸವೆಂದರೆ ಕಂಬ ಹತ್ತುವುದು ಅಷ್ಟೇ ಎಂದು ಅವರು ತಿಳಿದಂತಿದೆ. ನರಸಾಪುರ, ವೇಮಗಲ್ ಕಡೆಯ ಕಾರ್ಖಾನೆಗಳಲ್ಲಿ ಪ್ಯಾನಲ್ ಬೋರ್ಡ್, ಕಂಟ್ರೋಲ್ ಸರ್ಕ್ಯೂಟ್ ನೋಡಿಕೊಳ್ಳುವುದೂ ಎಲೆಕ್ಟ್ರಿಷಿಯನ್ ಕೆಲಸವೇ.

ಅಂಕದ ಬಗ್ಗೆ ಅವಳನ್ನು ಹೆದರಿಸಬೇಡಿ. ಈಗ ಎಸ್‌ಎಸ್‌ಎಲ್‌ಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ, ಕಡಿಮೆ ಬಂದ ವಿಷಯವನ್ನು ಮತ್ತೆ ಬರೆಯಬಹುದು.

ಒಂದು ಕೆಲಸ ಮಾತ್ರ ಮರೆಯಬೇಡಿ. ಅವಳು 1ರಿಂದ 10ರವರೆಗೆ ಊರಿನ ಕನ್ನಡ ಮಾಧ್ಯಮ ಶಾಲೆಯಲ್ಲೇ ಓದಿದ್ದಾಳೆ ಎಂದು ಬರೆದಿದ್ದೀರಿ. ಸಿಇಟಿಯಲ್ಲಿ ಗ್ರಾಮೀಣ ವಿದ್ಯಾರ್ಥಿಗಳಿಗೆ 15%, ಕನ್ನಡ ಮಾಧ್ಯಮದವರಿಗೆ 5% ಮೀಸಲಾತಿ ಇದೆ. ಟಿಸಿ ತರಲು ಹೋದಾಗಲೇ ಆ ಎರಡೂ ಪ್ರಮಾಣಪತ್ರ ಬರೆಸಿಕೊಳ್ಳಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಹಾಕಿಸಿ. ಜಾತಿ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಈಗಲೇ ಅರ್ಜಿ ಕೊಡಿ. ಜೂನ್‌ನಲ್ಲಿ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ.

— ಸಂಪಾದಕ