ಡಿಸ್ಟ್ರಿಬ್ಯೂಟಿಸಂ ನಂಬಿ ಕೆಲಸ ಬಿಟ್ಟು ತೋಟ ಕೊಳ್ಳಬಹುದೇ? ಮೂರು ಎಕರೆ ಸಾಕೇ?

ನಾನೂ ಇದನ್ನೇ ನಂಬಿ ಕುವೈತ್ ಬಿಟ್ಟು ಬಂದವನು. ಆಸ್ತಿ ನಾಲ್ಕು ಸಾಹುಕಾರರ ಕೈಯಲ್ಲೋ ಸರ್ಕಾರದ ಕೈಯಲ್ಲೋ ಸೇರದೆ ಮನೆಮನೆಗೆ ಹಂಚಿರಬೇಕು ಎಂಬ ಡಿಸ್ಟ್ರಿಬ್ಯೂಟಿಸಂನ ಮಾತು, ‘ಮೂರು ಎಕರೆ, ಒಂದು ಹಸು’ ಎಂಬ ಘೋಷಣೆ, ಎರಡೂ ತಲೆಗೆ ಹತ್ತಿದ್ದವು. ಬೆಳ್ತಂಗಡಿ ಕಡೆ ಎರಡೂವರೆ ಎಕರೆ ಅಡಿಕೆ ತೋಟ ಕೊಂಡೆ. ಆರ್‌ಟಿಸಿಯಲ್ಲಿ (ಪಹಣಿಯಲ್ಲಿ) ಹೆಸರು ಬಂದ ವಾರ ಇಗರ್ಜಿಯಲ್ಲಿ ಪೂಜೆ ಕೊಡಿಸಿದೆ.

ಆದಷ್ಟು ಹೆಚ್ಚು ಜನ ಒಡೆಯರಾಗುವಂತೆ ಕಾನೂನು ನೋಡಿಕೊಳ್ಳಬೇಕು ಎಂದು ಪೋಪ್ ಹದಿಮೂರನೇ ಲಿಯೋ 1891ರ ‘ರೇರುಮ್ ನೊವಾರುಮ್’ ಪರಿಪತ್ರದಲ್ಲಿ ಬರೆದದ್ದು ನನಗೆ ಬಾಯಿಪಾಠ. ಅದೇ ಪತ್ರದ ಕೊನೆಯ ಭಾಗ ದುಡಿಯುವವರ ಸಂಘಗಳ ಬಗ್ಗೆ ಇದೆ. ಅದನ್ನು ಹಾರಿಸಿ ಓದಿದ್ದೆ.

ಹಾಗಾಗಿ ಊರಿನ ಕೃಷಿ ಸಹಕಾರಿ ಸೊಸೈಟಿಗೆ ಸೇರಲಿಲ್ಲ. ಪಾಲು ಹಣ ಕಟ್ಟಿ ಆರ್‌ಟಿಸಿ ನಕಲು ಕೊಟ್ಟರೆ ಮುಗಿಯುವ ಕೆಲಸ. ಮಹಾಸಭೆಯ ಗಲಾಟೆ ನನಗ್ಯಾಕೆ, ನನ್ನ ತೋಟ ನನ್ನದು ಎಂದುಕೊಂಡೆ. ಆಟಿ ತಿಂಗಳಲ್ಲಿ ಕೊಳೆರೋಗ ಬಂತು. ಎರಡನೇ ಸಲ ಬೋರ್ಡೋ ದ್ರಾವಣ ಹೊಡೆಸಬೇಕು, ಮಗಳ ಫೀಸೂ ಕಟ್ಟಬೇಕು. ಸದಸ್ಯನಾಗಿದ್ದರೆ ಬಡ್ಡಿಯಿಲ್ಲದ ಬೆಳೆಸಾಲ ಸಿಗುತ್ತಿತ್ತು. ಪೇಟೆಯ ಒಬ್ಬ ವ್ಯಾಪಾರಿಯಿಂದ ಮುಂಗಡ ತೆಗೆದುಕೊಂಡೆ. ಅವರೂ ಬಡ್ಡಿ ಕೇಳಲಿಲ್ಲ. ಒಣಗಿದ ಕೂಡಲೇ ಅಡಿಕೆ ಅವರ ಅಂಗಡಿಗೇ ಹಾಕಬೇಕು, ಅಷ್ಟೇ.

ಆ ‘ಅಷ್ಟೇ’ ಎಷ್ಟು ಎಂದು ಬಿಡಿಸಿ ಹೇಳುತ್ತೇನೆ. ಚಾಲಿ, ಅಂದರೆ ಹಣ್ಣಡಿಕೆಯನ್ನು ಸಿಪ್ಪೆಸಹಿತ ಬಿಸಿಲಿಗೆ ಹಾಕಿ ಮಾಡುವ ಅಡಿಕೆ, ಅಂಗಳದಲ್ಲಿ ಒಣಗಲು 40-45 ದಿನ. ಆಮೇಲೆ ಗೋಣಿ ಕಟ್ಟಿ ಇಟ್ಟರೆ ಕೆಡುವುದಿಲ್ಲ, ಮರುವರ್ಷ ಹಳೆ ಅಡಿಕೆಯ ಧಾರಣೆ ಬೇರೆ. ಬೆಳೆಗಾರನ ಬಲವೆಲ್ಲ ಕಾಯುವುದರಲ್ಲಿ. ಮುಂಗಡ ತಿಂದವನು ಕಾಯುವ ಹಾಗಿಲ್ಲ. ವ್ಯಾಪಾರಿ ನನ್ನ ಗೋಣಿ ಸುರಿದು, ನಾಲ್ಕು ಅಡಿಕೆ ಕತ್ತರಿಸಿ, ‘ಕರಿಗೋಟು (ಕಳಪೆ ಅಡಿಕೆ) ಜಾಸ್ತಿ ಉಂಟು’ ಎಂದು ಕಿಲೋಗೆ 30 ರೂಪಾಯಿ ಇಳಿಸಿದರು. ಬೇರೆ ಅಂಗಡಿಗೆ ಹೋಗುತ್ತೇನೆ ಎನ್ನಲು ನನಗೆ ಬಾಯಿ ಬರಲಿಲ್ಲ. ಬಾಕಿ ಉಳಿಯಿತು, ಮತ್ತೆ ಮುಂಗಡ. ಹೀಗೆ ಮೂರು ವರ್ಷ. ಕೊನೆಗೆ ಹೆಂಡತಿಯ ಬಳೆ ಅಡವಿಟ್ಟು ಲೆಕ್ಕ ಚುಕ್ತಾ ಮಾಡಿ ಸೊಸೈಟಿಗೆ ಸೇರಿದೆ.

ಪಕ್ಕದ ತೋಟದವರಿಗೆ 1974ರ ಭೂಸುಧಾರಣೆಯಲ್ಲಿ, ಗೇಣಿದಾರರೆಂದು ಡಿಕ್ಲರೇಶನ್ ಅರ್ಜಿ ಕೊಟ್ಟು ಸಿಕ್ಕಿದ ಜಾಗ, ಎಕರೆ ಚಿಲ್ಲರೆ. ಸಾಲ ಸೊಸೈಟಿಯಲ್ಲಿ, ಹಾಲು ಡೈರಿಗೆ, ಅಡಿಕೆ ಕ್ಯಾಂಪ್ಕೋಗೆ. 1973ರಲ್ಲಿ ಬೆಳೆಗಾರರೇ ಕಟ್ಟಿಕೊಂಡ ಸಹಕಾರಿ ಸಂಸ್ಥೆ ಅದು. ಪೋಪರ ಪತ್ರ ಓದದ ಅವರು ಯಾರ ಮುಂದೆಯೂ ಕೈಕಟ್ಟಿ ನಿಂತದ್ದನ್ನು ನಾನು ಕಂಡಿಲ್ಲ.

ಆದ್ದರಿಂದ ಎಷ್ಟು ಎಕರೆ ಸಾಕು ಎಂಬ ನಿಮ್ಮ ಪ್ರಶ್ನೆಯೇ ಸರಿಯಿಲ್ಲ. ಬೆನ್ನಿಗೆ ಸಂಘ ಉಂಟಾ ಎಂದು ಕೇಳಬೇಕು. ಸ್ಪೇನಿನ ಮೊಂದ್ರಾಗೊನ್‌ನಲ್ಲಿ ಫಾದರ್ ಅರಿಸ್ಮೆಂದಿಯರಿಯೆಟಾ 1943ರಲ್ಲಿ ತಾಂತ್ರಿಕ ಶಾಲೆ ತೆರೆದರು, ಅಲ್ಲಿ ಕಲಿತ ಹುಡುಗರು 1956ರಲ್ಲಿ ದುಡಿಯುವವರೇ ಒಡೆಯರಾದ ತಮ್ಮದೇ ಕಾರ್ಖಾನೆ ಶುರುಮಾಡಿದರು, 1959ಕ್ಕೆ ಸ್ವಂತ ಬ್ಯಾಂಕೂ ಬಂತು. ಅಷ್ಟು ಬೇಗ ಬ್ಯಾಂಕ್ ಯಾಕೆ ಬೇಕಾಯಿತು ಎಂದು ಮುಂಗಡ ತಿಂದ ನನಗೆ ಯಾರೂ ವಿವರಿಸಬೇಕಿಲ್ಲ.

ಜಾಗ ನೋಡುವ ಮೊದಲು ಪರಿಚಯದ ಸದಸ್ಯರೊಬ್ಬರ ಜೊತೆ ಆ ಊರಿನ ಸೊಸೈಟಿಯ ಮಹಾಸಭೆಗೆ ಹೋಗಿ ಹಿಂದೆ ಕೂತುಕೊಳ್ಳಿ. ಲೆಕ್ಕಪತ್ರ ಓದುವಾಗ ಜನ ಎದ್ದು ನಿಂತು ಪ್ರಶ್ನೆ ಕೇಳುತ್ತಾರಾ ನೋಡಿ. ಕೇಳಿದರೆ ಅಲ್ಲಿ ಒಂದೇ ಎಕರೆ ಸಿಕ್ಕಿದರೂ ಕೊಳ್ಳಿ. ಇಲ್ಲವಾದರೆ ಸದ್ಯಕ್ಕೆ ಕೆಲಸ ಬಿಡಬೇಡಿ.