ಸಂಪಾದಕರ ಉತ್ತರ: ಮ್ಯೂನಿಕ್ಕಿನ ಹೊಂಬಣ್ಣ, ಕ್ಲೀವ್‌ಲ್ಯಾಂಡಿನ ತಾಮ್ರದ ಬಣ್ಣ

ಶಿವಮೊಗ್ಗದಿಂದ ನಿವೃತ್ತ ರಸಾಯನಶಾಸ್ತ್ರ ಅಧ್ಯಾಪಕರೊಬ್ಬರು ನಾಲ್ಕು ಪುಟಗಳ ಪತ್ರ ಬರೆದಿದ್ದಾರೆ. ಕಳೆದ ಸೆಪ್ಟೆಂಬರಿನಲ್ಲಿ ಅವರು ಜರ್ಮನಿಯ ಮ್ಯೂನಿಕ್ಕಿನಲ್ಲಿ ಅಕ್ಟೋಬರ್‌ಫೆಸ್ಟ್ ಎಂಬ ಬಿಯರ್ ಹಬ್ಬ ನೋಡಿಕೊಂಡು, ಅಲ್ಲಿಂದ ಅಮೆರಿಕದ ಓಹಾಯೋ ರಾಜ್ಯದ ಕ್ಲೀವ್‌ಲ್ಯಾಂಡಿನಲ್ಲಿರುವ ಮಗಳ ಮನೆಗೆ ಹೋಗಿದ್ದರು. ಮ್ಯೂನಿಕ್ಕಿನ ಡೇರೆಯಲ್ಲಿ ಕುಡಿದ ಬಿಯರ್ ತಿಳಿ ಹೊಂಬಣ್ಣದ್ದಾಗಿತ್ತು. ಅಳಿಯಂದಿರು ತಂದುಕೊಟ್ಟ ಅಮೆರಿಕದ ಅಕ್ಟೋಬರ್‌ಫೆಸ್ಟ್ ಬಿಯರ್ ತಾಮ್ರದ ಬಣ್ಣದ್ದಾಗಿತ್ತು. ‘ಬಣ್ಣವನ್ನೇ ನೆಟ್ಟಗೆ ನಕಲು ಮಾಡಲಾರದವರು ರುಚಿಯನ್ನೇನು ನಕಲು ಮಾಡಿಯಾರು? ಮಾವಿನ ರಸ, ತೆಂಗಿನ ತುರಿ ಎಲ್ಲವನ್ನೂ ಬಿಯರಿಗೆ ಸುರಿಯುವ ಜನ ಜರ್ಮನ್ ಹೆಸರಿನ ಲಾಗರ್ (ತಂಪಿನಲ್ಲಿ ನಿಧಾನವಾಗಿ ಹುದುಗಿಸುವ ಬಿಯರ್) ಮಾಡುವುದಕ್ಕೆ ಏನು ಅಧಿಕಾರ? ಅಂಥವರನ್ನು ಹೊಗಳುವ ಲೇಖನವನ್ನು ಕಳೆದ ಸಂಚಿಕೆಯಲ್ಲಿ ಪ್ರಕಟಿಸಿದ್ದು ಸರಿಯೇ?’ ಎಂಬುದು ಅವರ ಪ್ರಶ್ನೆ.

ಮಾನ್ಯರೇ,

ನಿಮ್ಮ ಪತ್ರವನ್ನು ಎರಡು ಬಾರಿ ಓದಿದೆ. ಬಿಯರಿನ ವಿಷಯಕ್ಕೆ ನಮ್ಮ ಕಚೇರಿಗೆ ಬರುವ ಪತ್ರಗಳಲ್ಲಿ ಹೆಚ್ಚಿನವು ‘ಇಂಥದ್ದನ್ನೆಲ್ಲ ಏಕೆ ಅಚ್ಚು ಹಾಕುತ್ತೀರಿ’ ಎಂದು ಗದರುವಂಥವು. ನೀವು ಹಾಗೆ ಮಾಡಲಿಲ್ಲ. ಗ್ಲಾಸನ್ನು ಕಿಟಕಿಯ ಬೆಳಕಿಗೆ ಹಿಡಿದು ಬಣ್ಣ ನೋಡಿದಿರಿ, ನೊರೆ ಎಷ್ಟು ಹೊತ್ತು ನಿಂತಿತೆಂದು ಗಡಿಯಾರ ನೋಡಿದಿರಿ. ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ನಿಂತವರ ಕಣ್ಣು ಅದು. ಅಂಥ ಕಣ್ಣುಳ್ಳವರು ತಪ್ಪು ತೀರ್ಮಾನಕ್ಕೆ ಬಂದಾಗ ಸುಮ್ಮನಿರಲು ನನಗೆ ಮನಸ್ಸಾಗುವುದಿಲ್ಲ.

ಬಣ್ಣದ ಮಾತನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ನಿಮ್ಮ ವಾದವೆಲ್ಲ ಅದರ ಮೇಲೆಯೇ ನಿಂತಿದೆ. ಬೇಸಿಗೆಯಲ್ಲಿ ಬಿಯರ್ ಕೆಡುತ್ತದೆಂದು ಏಪ್ರಿಲ್ 23ರ ಸಂತ ಜಾರ್ಜರ ದಿನದಿಂದ ಸೆಪ್ಟೆಂಬರ್ 29ರ ಸಂತ ಮೈಕೇಲರ ದಿನದವರೆಗೆ ಬಿಯರ್ ಮಾಡಕೂಡದೆಂದು ಮ್ಯೂನಿಕ್ ಇರುವ ಬವೇರಿಯಾ ಪ್ರಾಂತದಲ್ಲಿ 1553ರಲ್ಲೇ ಆಜ್ಞೆಯಾಗಿತ್ತು. ಹಾಗಾಗಿ ಮಾರ್ಚ್ ತಿಂಗಳಲ್ಲಿ ಸ್ವಲ್ಪ ಗಟ್ಟಿಯಾದ ಬಿಯರ್ ಮಾಡಿ, ನೆಲಮಾಳಿಗೆಯ ತಂಪಿನಲ್ಲಿ ಬೇಸಿಗೆಯುದ್ದಕ್ಕೂ ಇಟ್ಟು, ಶರತ್ಕಾಲದಲ್ಲಿ ತೆಗೆಯುತ್ತಿದ್ದರು. ‘ಮೆರ್ಟ್ಸೆನ್’ ಎಂಬ ಹೆಸರು ಬಂದದ್ದೇ ಮಾರ್ಚ್‌ನಿಂದ. ಅಕ್ಟೋಬರ್‌ಫೆಸ್ಟ್‌ನ ಡೇರೆಯಲ್ಲಿ 1872ರಲ್ಲಿ ಮ್ಯೂನಿಕ್ಕಿನ ಬ್ರೂವರ್ ಯೋಸೆಫ್ ಸೆಡ್ಲ್‌ಮಾಯರ್ ಅವರ ಮೆರ್ಟ್ಸೆನ್ ಬಂದಾಗ ಅದು ತಾಮ್ರದ ಬಣ್ಣದ್ದಾಗಿತ್ತು, ಬಹುಕಾಲ ಆ ಹಬ್ಬದ ಬಣ್ಣವೂ ಅದೇ ಆಗಿತ್ತು. 1970ರ ದಶಕದಲ್ಲಿ ಮ್ಯೂನಿಕ್ಕಿನ ದೊಡ್ಡ ಬ್ರೂವರಿಯೊಂದು, ಜನ ಇನ್ನೊಂದು ಲೀಟರನ್ನೂ ಸಲೀಸಾಗಿ ಕುಡಿಯಲೆಂದು, ತಿಳಿಯಾದ ಹಗುರ ಬಿಯರನ್ನು ಹಬ್ಬಕ್ಕೆ ತಂದಿತು. 1990ರ ಹೊತ್ತಿಗೆ ಎಲ್ಲ ಡೇರೆಗಳಲ್ಲೂ ಹೊಂಬಣ್ಣದ ಬಿಯರೇ ಹರಿಯುತ್ತಿತ್ತು. ನೀವು ಮ್ಯೂನಿಕ್ಕಿನಲ್ಲಿ ಕುಡಿದದ್ದು ಹೊಸದು. ಅಳಿಯಂದಿರು ಓಹಾಯೋದಲ್ಲಿ ತಂದುಕೊಟ್ಟದ್ದು ನಿಮ್ಮ ಮುತ್ತಜ್ಜನ ಕಾಲದ ಮ್ಯೂನಿಕ್ಕಿನ ಬಣ್ಣ.

ಕ್ಲೀವ್‌ಲ್ಯಾಂಡಿನವರೆಗೆ ಹೋಗಿ ಬಂದವರು ಅದೇ ಊರಿನ ಇನ್ನೊಂದು ಬಿಯರನ್ನು ಪತ್ರದಲ್ಲಿ ಹೆಸರಿಸದೆ ಬಿಟ್ಟದ್ದು ನನಗೆ ಬೇಸರ ತಂದಿತು. ಪಶ್ಚಿಮ ಜರ್ಮನಿಯ ಡಾರ್ಟ್‌ಮುಂಡ್‌ನಲ್ಲಿ ಕಲ್ಲಿದ್ದಲು ಗಣಿಗಳಲ್ಲೂ ಉಕ್ಕಿನ ಕುಲುಮೆಗಳಲ್ಲೂ ದುಡಿದು ಬಂದವರಿಗಾಗಿ ಬೆಳೆದ ‘ಎಕ್ಸ್‌ಪೋರ್ಟ್’ ಎಂಬ ಲಾಗರ್ ಇತ್ತು. ಪಿಲ್ಸ್ (ಪಿಲ್ಸ್ನರ್) ಎಂಬ ತಿಳಿ ಕಹಿ ಲಾಗರಿಗಿಂತ ಮೈತುಂಬಿದ್ದು, ಹೆಲ್ಲೆಸ್ ಎಂಬ ಮ್ಯೂನಿಕ್ಕಿನ ತಿಳಿ ಲಾಗರಿಗಿಂತ ತುಸು ಕಹಿಯಾದದ್ದು, ಆ ಊರಿನ ಖನಿಜಭರಿತ ನೀರಿನ ಗಡಸುತನ ನಾಲಿಗೆಗೆ ತಾಕುವಂಥದ್ದು. ಗಣಿಗಳು ಮುಚ್ಚಿದವು, ಬ್ರೂವರಿಗಳು ಒಂದರೊಳಗೊಂದು ಕರಗಿದವು, ಆ ಬಿಯರ್ ಹುಟ್ಟಿದೂರಿನಲ್ಲೇ ಮೂಲೆಗೆ ಸರಿಯಿತು. ಗ್ರೇಟ್ ಲೇಕ್ಸ್ ಬ್ರೂವಿಂಗ್ ಎಂಬ ಸಣ್ಣ ಸಂಸ್ಥೆ 1988ರಲ್ಲಿ ಕ್ಲೀವ್‌ಲ್ಯಾಂಡಿನಲ್ಲಿ ಆರಂಭವಾದಾಗ, ಅದರ ಸ್ಥಾಪಕರಾದ ಕಾನ್ವೇ ಸಹೋದರರು ತಮ್ಮ ಮೊದಲ ದಿನಗಳಿಂದಲೇ ಅದನ್ನು ಮಾಡತೊಡಗಿದರು. ‘ಡಾರ್ಟ್‌ಮುಂಡರ್ ಗೋಲ್ಡ್’ ಇಂದಿಗೂ ಅವರ ಮುಖ್ಯ ಬಿಯರ್. ಕ್ಲೀವ್‌ಲ್ಯಾಂಡೂ ಒಂದು ಕಾಲಕ್ಕೆ ಉಕ್ಕಿನ ಕಾರ್ಖಾನೆಗಳಿಂದ ಬದುಕಿದ ಊರೇ ಎಂಬುದನ್ನು ನೆನೆದರೆ ನನಗೆ ಆ ಗ್ಲಾಸಿನ ಮೇಲೆ ಗೌರವ ಇನ್ನೂ ಹೆಚ್ಚುತ್ತದೆ.

ಇನ್ನು ಅಧಿಕಾರದ ಪ್ರಶ್ನೆ. ಲಾಗರಿನ ಇತಿಹಾಸವನ್ನು ಕೆದಕುತ್ತ ಹೋದರೆ ಅಧಿಕಾರಪತ್ರ ಯಾರ ಕೈಯಲ್ಲೂ ಸಿಗುವುದಿಲ್ಲ. 1833ರಲ್ಲಿ ಮ್ಯೂನಿಕ್ಕಿನ ಗೇಬ್ರಿಯಲ್ ಸೆಡ್ಲ್‌ಮಾಯರ್ ಮತ್ತು ವಿಯೆನ್ನಾದ ಆಂಟನ್ ಡ್ರೆಹರ್ ಎಂಬ ಇಬ್ಬರು ತರುಣರು ಬ್ರಿಟನ್ನಿನ ಬ್ರೂವರಿಗಳನ್ನು ಸುತ್ತಿದರು. ಅವರ ಕೈಯಲ್ಲಿ ಒಳಗೆ ಟೊಳ್ಳಾದ, ತುದಿಯಲ್ಲಿ ಕವಾಟವಿದ್ದ ಊರುಗೋಲಿತ್ತು. ಮಾತನಾಡುತ್ತ ಅದನ್ನು ತೊಟ್ಟಿಗೆ ಅದ್ದಿ, ಹುದುಗುತ್ತಿದ್ದ ರಸವನ್ನು ತುಂಬಿಸಿಕೊಂಡು, ತಂಗಿದ್ದಲ್ಲಿಗೆ ಬಂದು ಅಳೆದು ನೋಡುತ್ತಿದ್ದರು. ಹೊಗೆ ತಾಗದಂತೆ ಬಿಸಿಗಾಳಿಯಲ್ಲಿ ಮಾಲ್ಟನ್ನು, ಅಂದರೆ ಮೊಳಕೆ ಬರಿಸಿದ ಬಾರ್ಲಿಯನ್ನು, ಒಣಗಿಸಿ ತಿಳಿಬಣ್ಣ ಉಳಿಸುವ ವಿದ್ಯೆಯನ್ನು ಅವರು ಕಲಿತದ್ದು ಅಲ್ಲಿಯೇ. ವಿಯೆನ್ನಾ ಲಾಗರೂ ಮೆರ್ಟ್ಸೆನ್ನೂ 1841ರಲ್ಲಿ ಹೊಸ ರೂಪ ತಳೆದದ್ದು ಆ ವಿದ್ಯೆಯಿಂದ. ಮರುವರ್ಷ, 1842ರಲ್ಲಿ, ಬೊಹೀಮಿಯಾದ (ಇಂದಿನ ಚೆಕ್ ದೇಶದ) ಪಿಲ್ಸೆನ್ ಪಟ್ಟಣದವರು ತಮ್ಮ ಊರಿನ ಕೆಟ್ಟ ಬಿಯರಿನಿಂದ ಬೇಸತ್ತು ಯೋಸೆಫ್ ಗ್ರೋಲ್ ಎಂಬ ಬವೇರಿಯಾದವನನ್ನು ಕರೆಸಿದರು. ಅಲ್ಲಿನ ಮೆದು ನೀರು, ಬಿಯರಿಗೆ ಕಹಿ ಕೊಡುವ ಜಾಟೆಟ್ಸ್ ಪ್ರದೇಶದ ಹಾಪ್ಸ್ ಹೂ, ಇಂಗ್ಲಿಷ್ ರೀತಿಯಲ್ಲಿ ಒಣಗಿಸಿದ ಮಾಲ್ಟ್, ಬವೇರಿಯಾದ ಯೀಸ್ಟ್ ಎಲ್ಲ ಸೇರಿ ಪಿಲ್ಸ್ನರ್ ಹುಟ್ಟಿತು. ಅದರ ಪೈಪೋಟಿಗೆ ಮ್ಯೂನಿಕ್ಕಿನ ಶ್ಪಾಟೆನ್ ಬ್ರೂವರಿ ಹೆಲ್ಲೆಸ್ ತಂದದ್ದು 1894ರಲ್ಲಿ.

ರಸಾಯನಶಾಸ್ತ್ರದವರಾದ ನಿಮಗೆ ಇನ್ನೊಂದು ಸಂಗತಿ ಇಷ್ಟವಾದೀತು. ಲಾಗರಿನ ಯೀಸ್ಟೇ ಬೆರಕೆ ಸಂತಾನ. ರೊಟ್ಟಿ ಉಬ್ಬಿಸುವ ಯೀಸ್ಟಿನ ಜಾತಿಯೊಂದು ಚಳಿ ತಡೆಯುವ ಇನ್ನೊಂದು ಕಾಡು ಯೀಸ್ಟಿನೊಡನೆ ಕೂಡಿ ಅದು ಹುಟ್ಟಿತೆಂದು ವಿಜ್ಞಾನಿಗಳು ಊಹಿಸಿದ್ದರು. ಆ ಕಾಡು ಯೀಸ್ಟ್ 2011ರಲ್ಲಿ ಪತ್ತೆಯಾದದ್ದು ದಕ್ಷಿಣ ಅಮೆರಿಕದ ತುದಿಯ ಪೆಟಗೋನಿಯಾದ ಬೀಚ್ ಮರಗಳ ಮೇಲೆ.

ಶ್ಪಾಟೆನ್‌ನ ಹೆಲ್ಲೆಸ್ ಬಂದ ಅದೇ 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನಿಂದ ಕಿಟೆಲ್ ಅವರ ಕನ್ನಡ ನಿಘಂಟು ಹೊರಬಂತು. ಉತ್ತರ ಜರ್ಮನಿಯ ಕರಾವಳಿಯಲ್ಲಿ ಹುಟ್ಟಿದ ಆ ಮನುಷ್ಯ ದಶಕಗಳ ಕಾಲ ಕೂತು ನಮ್ಮ ಪದಗಳನ್ನು ಒಂದೊಂದಾಗಿ ಹೆಕ್ಕಿದಾಗ ‘ನಿಮಗೇನು ಅಧಿಕಾರ’ ಎಂದು ಕೇಳುವ ಯೋಗ್ಯತೆ ಯಾವ ಕನ್ನಡಿಗನಿಗಿತ್ತು? ನನ್ನ ಮೇಜಿನ ಎಡಗಡೆ ಈಗಲೂ ಅದರ ಮರುಮುದ್ರಣವಿದೆ. ಜರ್ಮನ್ ಲಾಗರನ್ನು ಪೆನ್ಸಿಲ್ವೇನಿಯಾದವರೂ ಟೆಕ್ಸಸ್‌ನವರೂ ಕಲಿತು ಮಾಡುವುದನ್ನು ನೋಡಿದಾಗ ನನಗೆ ನೆನಪಾಗುವುದು ಆ ದಪ್ಪ ಸಂಪುಟವೇ.

ಲಾಗರ್ ಎಂಬ ಮಾತಿನ ಮೂಲದಲ್ಲಿರುವ ಜರ್ಮನ್ ಪದಕ್ಕೆ ಕೂಡಿಡುವುದು, ದಾಸ್ತಾನಿಡುವುದು ಎಂದೇ ಅರ್ಥ. ಏಲ್ ಜಾತಿಯ ಬಿಯರ್ 20 ಡಿಗ್ರಿಯ ಆಸುಪಾಸಿನಲ್ಲಿ ಹುದುಗಿ ಎರಡು ವಾರದಲ್ಲಿ ಗ್ಲಾಸಿಗೆ ಬರಬಹುದು. ಲಾಗರ್ 10 ಡಿಗ್ರಿಯ ಹತ್ತಿರ ನಿಧಾನವಾಗಿ ಹುದುಗಬೇಕು, ಆಮೇಲೆ ಸೊನ್ನೆ ಡಿಗ್ರಿಯ ಸಮೀಪದಲ್ಲಿ ವಾರಗಟ್ಟಲೆ ಮಲಗಬೇಕು. ಹುದುಗುವಾಗ ಯೀಸ್ಟಿನಿಂದಾಗಿ ಡೈಅಸಿಟೈಲ್ ಎಂಬ ಬೆಣ್ಣೆವಾಸನೆಯ ವಸ್ತು ಬಿಯರಿನಲ್ಲಿ ಸೇರುತ್ತದೆ. ಸಮಯ ಕೊಟ್ಟರೆ ಅದೇ ಯೀಸ್ಟ್ ಅದನ್ನು ಮತ್ತೆ ಹೀರಿಕೊಂಡು ಬಿಯರನ್ನು ಶುದ್ಧ ಮಾಡುತ್ತದೆ. ಟ್ಯಾಂಕಿನ ಬಾಡಿಗೆ ಲೆಕ್ಕ ಹಾಕುವವನಿಗೆ ಈ ಆರೆಂಟು ವಾರ ನಷ್ಟ. ಹಾಪ್ಸ್ ತುಂಬಿದ ಏಲ್‌ನಲ್ಲಿ ತಪ್ಪುಗಳನ್ನು ಅಡಗಿಸಬಹುದು, ತಿಳಿ ಲಾಗರಿನಲ್ಲಿ ಅಡಗಿಸಲು ಜಾಗವೇ ಇಲ್ಲ.

ಕಾಯಲಾರದವರಿಗೆ ಏನಾಗುತ್ತದೆಂಬುದನ್ನು ಅಮೆರಿಕದವರೇ ಕಂಡುಂಡಿದ್ದಾರೆ. 1848ರ ನಂತರ ಗುಂಪುಗುಂಪಾಗಿ ವಲಸೆ ಬಂದ ಜರ್ಮನ್ನರು ಮಿಲ್ವಾಕಿ, ಸೇಂಟ್ ಲೂಯಿಸ್, ಸಿನ್ಸಿನಾಟಿಗಳಲ್ಲಿ ಲಾಗರನ್ನು ಬೇರೂರಿಸಿದರು. ಅಲ್ಲಿನ ಆರು ಸಾಲಿನ ಬಾರ್ಲಿಯಲ್ಲಿ ಪ್ರೋಟೀನ್ ಹೆಚ್ಚಾಗಿ ಬಿಯರ್ ಮಬ್ಬಾಗುತ್ತಿದ್ದುದರಿಂದ ಅಕ್ಕಿ, ಮೆಕ್ಕೆಜೋಳ ಬೆರೆಸಿದರು. ಅದು ಆಗ ಅನಿವಾರ್ಯದಿಂದ ಬಂದ ಜಾಣ್ಮೆ. ಪಾನನಿಷೇಧ 1920ರಿಂದ 1933ರವರೆಗೆ ಅವರ ಬೆನ್ನು ಮುರಿಯಿತು. ಉಳಿದ ದೊಡ್ಡವರಲ್ಲಿ ಒಬ್ಬರಾದ ಮಿಲ್ವಾಕಿಯ ಶ್ಲಿಟ್ಸ್ ಕಂಪನಿ, ಒಂದು ಕಾಲಕ್ಕೆ ದೇಶದಲ್ಲೇ ಅತಿ ದೊಡ್ಡದಾಗಿದ್ದದ್ದು, 1970ರ ದಶಕದಲ್ಲಿ ಖರ್ಚು ಉಳಿಸಲು ಹುದುಗುವ ಅವಧಿಯನ್ನು ಕಡಿಮೆ ಮಾಡಿತು, ಅಗ್ಗದ ಸಾಮಗ್ರಿಗೆ ಇಳಿಯಿತು. 1976ರಲ್ಲಿ ಬಿಯರ್ ತಿಳಿಯಾಗಿರಲೆಂದು ಹಾಕಿದ ಹೊಸ ರಾಸಾಯನಿಕ, ನೊರೆ ನಿಲ್ಲಲೆಂದು ಹಾಕುತ್ತಿದ್ದ ಇನ್ನೊಂದರೊಡನೆ ಕೂಡಿ, ಬಾಟಲಿಗಳಲ್ಲಿ ಬಿಳಿಯ ಚೂರುಗಳು ತೇಲಿದವು. ಕೋಟಿ ಬಾಟಲಿಯಷ್ಟು ಬಿಯರನ್ನು ವಾಪಸು ತರಿಸಿಕೊಂಡು ನಾಶಪಡಿಸಬೇಕಾಯಿತು. 1982ರಲ್ಲಿ ಕಂಪನಿಯೇ ಮಾರಾಟವಾಯಿತು.

ನೀವು ಕೆಣಕಿದ ಕ್ರಾಫ್ಟ್ ಬ್ರೂವರ್‌ಗಳು, ಅಂದರೆ ಸಣ್ಣ ಪ್ರಮಾಣದಲ್ಲಿ ಮುತುವರ್ಜಿಯಿಂದ ಬಿಯರ್ ಮಾಡುವವರು, ಬಂದದ್ದು ಈ ಬೂದಿಯ ಮೇಲೆ. ಜಿಮ್ ಕೋಕ್ 1985ರಲ್ಲಿ ಬಾಸ್ಟನ್ನಿನಲ್ಲಿ ಹೊರತಂದ ಲಾಗರ್, ಸೇಂಟ್ ಲೂಯಿಸ್‌ನಲ್ಲಿ ಬಿಯರ್ ಮಾಡುತ್ತಿದ್ದ ಅವರ ಮುತ್ತಜ್ಜನ ತಂದೆಯ ಪಾಕವಿಧಾನದಿಂದ ಬಂದದ್ದು, ಅದಕ್ಕೆ ಹಾಲರ್ಟಾವ್ ಪ್ರದೇಶದ ಹಾಪ್ಸ್ ಹೂಗಳನ್ನೇ ತರಿಸಿದರು. ಟೆಕ್ಸಸ್‌ನ ಆಸ್ಟಿನ್ನಿನಲ್ಲಿ 1997ರಿಂದ ಲೈವ್ ಓಕ್ ಬ್ರೂವರಿಯವರು ಹಳೆಯ ಪದ್ಧತಿಯ ಪಿಲ್ಸ್ ಮಾಡುತ್ತಿದ್ದಾರೆ. ಮ್ಯಾಸಚೂಸೆಟ್ಸ್‌ನಲ್ಲಿ 2011ರಲ್ಲಿ ಜ್ಯಾಕ್ಸ್ ಆ್ಯಬಿ ಎಂಬ ಬ್ರೂವರಿ ಆರಂಭಿಸಿದ ಮೂವರು ಸಹೋದರರು ಲಾಗರ್ ಬಿಟ್ಟು ಬೇರೇನೂ ಮಾಡುವುದಿಲ್ಲವೆಂದು ಪಣ ತೊಟ್ಟರು, ಅದೂ ಇಡೀ ದೇಶ ಹಾಪ್ಸ್‌ನ ಕಹಿಗೆ ಮುಗಿಬಿದ್ದಿದ್ದ ಹೊತ್ತಿನಲ್ಲಿ.

ಡೆನ್ವರ್‌ನ ಬಿಯರ್‌ಸ್ಟಾಟ್ ಲಾಗರ್‌ಹೌಸ್‌ನಲ್ಲಿ ನಾನು ಕುಳಿತ ಸಂಜೆಯನ್ನು ಹೇಳಲೇಬೇಕು. 2016ರಲ್ಲಿ ತೆರೆದ ಆ ಜಾಗದಲ್ಲಿ ಜರ್ಮನಿಯಿಂದ ತಂದ ಹಳೆಯ ತಾಮ್ರದ ಹಂಡೆಗಳಿವೆ. ಅವರ ಪಿಲ್ಸ್‌ನ ಹೆಸರೇ ‘ಸ್ಲೋ ಪೋರ್’. ಉದ್ದನೆಯ ತೆಳು ಗ್ಲಾಸಿಗೆ ಮೊದಲು ಸುರಿದಾಗ ಮುಕ್ಕಾಲು ಪಾಲು ನೊರೆಯೇ. ಪರಿಚಾರಕಿ ಅದನ್ನು ಹಾಗೆಯೇ ಬಿಟ್ಟು ಬೇರೆ ಮೇಜಿಗೆ ಹೋದಳು. ನೊರೆ ಇಳಿದ ಮೇಲೆ ಮತ್ತೆ ಸುರಿದಳು, ಮತ್ತೆ ಬಿಟ್ಟಳು. ಮೂರನೆಯ ಸಲಕ್ಕೆ ನೊರೆ ಗ್ಲಾಸಿನ ಅಂಚಿಗಿಂತ ಮೇಲೆದ್ದು, ಬೆಣ್ಣೆ ಕಡೆದಾಗ ಮೇಲೆ ಕಟ್ಟುವ ಮುದ್ದೆಯಂತೆ ಗಟ್ಟಿಯಾಗಿ ನಿಂತಿತು. ಐದು ನಿಮಿಷವಾಗಿರಬಹುದು. ಹೆಚ್ಚಿನ ಅನಿಲವೆಲ್ಲ ಹೊರಟುಹೋಗಿ ಬಿಯರ್ ಹೊಟ್ಟೆಗೆ ಹಗುರವಾಗಿತ್ತು. ಗ್ಲಾಸು ಮುಗಿಯುವವರೆಗೆ ನೊರೆಯ ಉಂಗುರಗಳು ಒಳಗೋಡೆಗೆ ಅಂಟಿಕೊಂಡೇ ಇದ್ದವು.

ವಿಸ್ಕಾನ್ಸಿನ್‌ನ ಒಂದು ಸಣ್ಣ ಬ್ರೂವರಿಯಲ್ಲಿ ಬೆಳಗಿನ ಆರು ಗಂಟೆಗೆ ಡಿಕಾಕ್ಷನ್ ಪದ್ಧತಿಯನ್ನೂ ನೋಡಿದ್ದೇನೆ. ಮಾಲ್ಟ್ ಮತ್ತು ಬಿಸಿನೀರಿನ ಗಂಜಿಯಿಂದ ಮೂರರಲ್ಲೊಂದು ಪಾಲನ್ನು ಬೇರೆ ಹಂಡೆಗೆ ತೆಗೆದು, ತಳ ಹಿಡಿಯದಂತೆ ಕೈಯಾಡಿಸುತ್ತ ಕುದಿಸಿ, ಮತ್ತೆ ಮೂಲ ಹಂಡೆಗೆ ಸುರಿಯುತ್ತಾರೆ. ಆಗ ಇಡೀ ಗಂಜಿಯ ಬಿಸಿ ಮುಂದಿನ ಮೆಟ್ಟಿಲಿಗೆ ಏರುತ್ತದೆ. ಥರ್ಮಾಮೀಟರ್ ಇಲ್ಲದ ಕಾಲದಲ್ಲಿ ಬಿಸಿಯನ್ನು ಅಳತೆಯಲ್ಲಿಡಲು ಕಂಡುಕೊಂಡ ಉಪಾಯ ಅದು. ಇಂದಿನ ಮಾಲ್ಟಿಗೆ ಅದರ ಅಗತ್ಯವಿಲ್ಲ, ಗಂಟೆಗಟ್ಟಲೆ ಹೆಚ್ಚು ಕೆಲಸ ಬೇರೆ, ಆದ್ದರಿಂದ ಜರ್ಮನಿಯ ಅನೇಕ ಬ್ರೂವರಿಗಳೇ ಕೈಬಿಟ್ಟಿವೆ. ಆ ಹಂಡೆಯಿಂದೆದ್ದ ಹಬೆಯ ಪರಿಮಳ ನನ್ನನ್ನು ನೇರವಾಗಿ ನಮ್ಮಜ್ಜಿಯ ಅಡುಗೆಮನೆಗೆ ಕರೆದೊಯ್ದಿತು. ಮೊಳಕೆ ಕಟ್ಟಿ ಒಣಗಿಸಿ ಹುರಿದ ರಾಗಿಯನ್ನು ಬೀಸುವಾಗ ಬರುತ್ತಿದ್ದ ಪರಿಮಳ ಅದು.

ನಿಮ್ಮ ಆಕ್ಷೇಪದಲ್ಲಿ ಹುರುಳೇ ಇಲ್ಲವೆನ್ನುವುದಿಲ್ಲ. ಸಕ್ಕರೆ ಪಾಕದಂಥ ಮೆರ್ಟ್ಸೆನ್ ಮಾಡಿ ಆಗಸ್ಟಿನಲ್ಲೇ ಅಂಗಡಿಗೆ ತುಂಬುವವರು ಅಮೆರಿಕದಲ್ಲಿದ್ದಾರೆ, ಜರ್ಮನ್ ಹೆಸರನ್ನು ಅಲಂಕಾರಕ್ಕಷ್ಟೇ ಅಂಟಿಸಿಕೊಳ್ಳುವವರೂ ಇದ್ದಾರೆ. ಜರ್ಮನಿಯ ಬ್ಯಾಂಬರ್ಗ್ ಸುತ್ತಲಿನ ಫ್ರಾಂಕೋನಿಯಾದ ಹಳ್ಳಿಗಳಲ್ಲಿ ತಲೆಮಾರುಗಳಿಂದ ಅದೇ ಬಿಯರನ್ನು ಅದೇ ನಿಧಾನದಲ್ಲಿ ಮಾಡುತ್ತಿರುವ ಕುಟುಂಬಗಳೂ ಇವೆ. ಅವರಿಗೆ ನನ್ನ ನಮಸ್ಕಾರ.

ಆದರೆ ನಿಮ್ಮ ಸಿಟ್ಟು ಹೋಗಬೇಕಾದ ದಿಕ್ಕೇ ಬೇರೆ. ಎರಡು ವರ್ಷದ ಹಿಂದೆ ಬೆಂಗಳೂರಿನ ಒಂದು ಬ್ರೂಪಬ್‌ನಲ್ಲಿ ‘ಅಪ್ಪಟ ಜರ್ಮನ್ ಲಾಗರ್’ ಎಂದು ಕೊಟ್ಟ ಗ್ಲಾಸನ್ನು ಮೂಗಿನ ಹತ್ತಿರ ತಂದಾಗ ದೋಸೆಯ ಮೇಲೆ ಕರಗುವ ಬೆಣ್ಣೆಯ ವಾಸನೆ ಹೊಡೆಯಿತು. ಎಷ್ಟು ದಿನದ್ದು ಎಂದು ಕೇಳಿದೆ. ಹದಿನಾರು ದಿನ ಎಂದರು. ವಾರಾಂತ್ಯಕ್ಕೆ ಗೋಧಿ ಬಿಯರ್ ಮಾಡಲು ಟ್ಯಾಂಕ್ ಖಾಲಿ ಬೇಕಿತ್ತಂತೆ. ಜರ್ಮನಿಯ ಮಾಲ್ಟ್, ಜರ್ಮನಿಯ ಹಾಪ್ಸ್, ಜರ್ಮನಿಯ ಯಂತ್ರ ಎಲ್ಲವನ್ನೂ ಹಡಗಿನಲ್ಲಿ ತರಿಸಿದವರು ಇನ್ನೊಂದು ತಿಂಗಳು ಕಾಯಲು ಒಪ್ಪಲಿಲ್ಲ. ಅಪ್ಪೆಮಿಡಿಯನ್ನು ತಿಂಗಳುಗಟ್ಟಲೆ ಉಪ್ಪಿನಲ್ಲಿ ಕೂರಿಸಿ ಉಪ್ಪಿನಕಾಯಿ ಹಾಕುತ್ತಿದ್ದ ಮಲೆನಾಡಿನವರು ನೀವು, ವಿನಿಗರ್ ಸುರಿದು ಮೂರು ದಿನಕ್ಕೆ ಬಾಟಲಿ ತುಂಬುವವರನ್ನೂ ಕಂಡಿರುತ್ತೀರಿ. ಆ ಅವಸರಕ್ಕೆ ನೀವು ಒಂದು ಸಾಲನ್ನೂ ಮೀಸಲಿಡಲಿಲ್ಲ, ಕಾಯಲು ಕಲಿತ ಓಹಾಯೋದವರಿಗೆ ನಾಲ್ಕು ಪುಟ ಬರೆದಿರಿ.

ಲೇಖನ ಪ್ರಕಟಿಸಿದ್ದು ಸರಿಯೇ ಎಂದು ಕೇಳಿದ್ದೀರಿ. ಸರಿ, ಮುಂದೆಯೂ ಪ್ರಕಟಿಸುತ್ತೇನೆ. ಬರುವ ವರ್ಷವೂ ಮಗಳ ಮನೆಗೆ ಹೋಗುತ್ತೀರೆಂದು ಬರೆದಿದ್ದೀರಿ. ಅಳಿಯಂದಿರಿಗೆ ಹೇಳಿ ಆ ತಾಮ್ರದ ಬಣ್ಣದ ಬಿಯರನ್ನೂ ಒಂದು ಡಾರ್ಟ್‌ಮುಂಡರನ್ನೂ ಪಕ್ಕಪಕ್ಕ ಇರಿಸಿಕೊಳ್ಳಿ. ಫ್ರಿಜ್ಜಿನಿಂದ ತೆಗೆದು ಹತ್ತು ನಿಮಿಷ ಬಿಡಿ, ನೊರೆ ಬರುವಂತೆ ಗ್ಲಾಸಿನ ನಡುವಿಗೇ ಸುರಿಯಿರಿ, ಮೊದಲಿನಂತೆಯೇ ಗಡಿಯಾರ ನೋಡಿ ಬರೆದುಕೊಳ್ಳಿ. ಆ ಟಿಪ್ಪಣಿಯನ್ನು ಕಳುಹಿಸಿದರೆ ನನ್ನ ಮಾತಿಗೆ ವಿರುದ್ಧವಿದ್ದರೂ ಇದೇ ಪುಟದಲ್ಲಿ ಅಚ್ಚು ಹಾಕುತ್ತೇನೆ.

— ಸಂ.