ಪ್ರೇಸ್, ಕಮೆಂಡ್, ಅಪ್ಲಾಡ್: ಎಲ್ಲದಕ್ಕೂ ‘ಹೊಗಳು’ ಅಂತಲೇ ಅರ್ಥವಾ?

ಪ್ರೇಸ್, ಕಮೆಂಡ್, ಅಪ್ಲಾಡ್, ಕಾಂಪ್ಲಿಮೆಂಟ್, ಯಾವುದನ್ನು ಹುಡುಕಿದರೂ ನಿಘಂಟು ‘ಹೊಗಳು’ ಎನ್ನುತ್ತದೆ, ಹಾಗಾದರೆ ಯಾವುದನ್ನು ಎಲ್ಲಿ ಬೇಕಾದರೂ ಬಳಸಬಹುದಾ ಎಂದು ಕೇಳಿದ್ದೀರಿ. ಇಲ್ಲ. ಯಾರು ಯಾರನ್ನು ಹೊಗಳುತ್ತಿದ್ದಾರೆ ಎಂದು ಮೊದಲು ನೋಡಿಕೊಳ್ಳಿ. ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಹಿರಿಯ ಅಧಿಕಾರಿಯೊಬ್ಬರಿಗೆ ‘ಐ ಕಮೆಂಡ್ ಯುವರ್ ವರ್ಕ್’ ಎಂದು ಮೇಲ್ ಬರೆದಿದ್ದೆ. ವ್ಯಾಕರಣ ಸರಿ, ಅರ್ಥವೂ ಸರಿ. ಆದರೆ ಪಕ್ಕದಲ್ಲಿ ಕೂರುತ್ತಿದ್ದವರು ಅದನ್ನು ಓದಿ, ‘ನೀವು ಅವರ ಬೆನ್ನು ತಟ್ಟಿ ಶಹಬ್ಬಾಸ್ ಅಂದ ಹಾಗಾಯ್ತು’ ಎಂದರು. ನಿಜ. ಕಮೆಂಡ್ ಸಾಮಾನ್ಯವಾಗಿ ಮೇಲಿನಿಂದ ಕೆಳಕ್ಕೆ ಇಳಿಯುವ ಮೆಚ್ಚುಗೆ. ಮೇಲಧಿಕಾರಿ ಸಿಬ್ಬಂದಿಗೆ, ನ್ಯಾಯಾಧೀಶರು ಪೊಲೀಸರಿಗೆ ಹೇಳಬಹುದು. ನಾನು ಅಲ್ಲಿ ‘ಅಡ್ಮೈರ್’ ಎಂದು ಬರೆಯಬೇಕಿತ್ತು. ಅದು ಮನಸಾರೆ ಮೆಚ್ಚುವುದು, ಕಿರಿಯರು ಹಿರಿಯರಿಗೂ ಧಾರಾಳವಾಗಿ ಹೇಳಬಹುದು.

ಪ್ರೇಸ್ ಇವೆಲ್ಲಕ್ಕಿಂತ ಅಗಲವಾದ ಪದ. ದೇವರನ್ನೂ ಪ್ರೇಸ್ ಮಾಡುತ್ತಾರೆ, ಮಗುವನ್ನೂ ಮಾಡುತ್ತಾರೆ. ಇದರ ಬೇರು ಲ್ಯಾಟಿನ್‌ನ ‘ಪ್ರೆಟಿಯಮ್’, ಅಂದರೆ ಬೆಲೆ. ಪ್ರೈಸ್ ಹುಟ್ಟಿದ್ದೂ ಅದೇ ಬೇರಿನಿಂದ, ಆಫೀಸಿನ ಅಪ್ರೈಸಲ್ ಕೂಡ ಅದೇ ಬಳಗದ್ದು. ನಾವೂ ಒಬ್ಬರ ಮಾತಿಗೆ ‘ಬೆಲೆ ಕೊಡು’ ಅಂತೀವಿ, ಅಲ್ವಾ? ನನಗೆ ಈ ಹೋಲಿಕೆ ತುಂಬಾ ಇಷ್ಟ.

ಅಪ್ಲಾಡ್ ಅಂದರೆ ಚಪ್ಪಾಳೆ ತಟ್ಟು. ಒಂದು ನಿರ್ಧಾರವನ್ನು ಬಹಿರಂಗವಾಗಿ ಸ್ವಾಗತಿಸುವಾಗಲೂ ‘ವಿ ಅಪ್ಲಾಡ್ ದಿಸ್ ಡಿಸಿಷನ್’ ಎಂದು ಬರೆಯುತ್ತಾರೆ, ಅಲ್ಲಿ ಯಾರೂ ಕೈ ತಟ್ಟಿರುವುದಿಲ್ಲ. ಚಪ್ಪಾಳೆಗೆ ‘ಅಪ್ಲಾಸ್’. ಅದನ್ನು ಒಂದು, ಎರಡು ಎಂದು ಎಣಿಸುವುದಿಲ್ಲ, ಹಾಗಾಗಿ ‘ಆ್ಯನ್ ಅಪ್ಲಾಸ್’ ಅನ್ನಬೇಡಿ, ‘ಎ ರೌಂಡ್ ಆಫ್ ಅಪ್ಲಾಸ್’ ಅನ್ನಿ. ಇದರ ಮೂಲ, ಲ್ಯಾಟಿನ್‌ನ ‘ಪ್ಲಾಡೆರೆ’, ಕೈ ತಟ್ಟುವುದು. ಸ್ಫೋಟಿಸು ಎಂಬ ಅರ್ಥದ ‘ಎಕ್ಸ್‌ಪ್ಲೋಡ್’ ಬಂದಿದ್ದೂ ಇದರಿಂದಲೇ! ಹಿಡಿಸದ ನಟನನ್ನು ಕೈ ತಟ್ಟಿ, ಗದ್ದಲ ಮಾಡಿ ರಂಗದಿಂದ ಓಡಿಸುವುದು ಅದರ ಹಳೆಯ ಅರ್ಥ. ಸಿಡಿಯುವ ಅರ್ಥ ಬಂದಿದ್ದು ಆಮೇಲೆ.

ಒವೇಶನ್ ಇನ್ನೂ ದೊಡ್ಡದು, ಸಭೆಗೆ ಸಭೆಯೇ ತೋರುವ ಮೆಚ್ಚುಗೆ. ಎಲ್ಲರೂ ಎದ್ದು ನಿಂತರೆ ಸ್ಟ್ಯಾಂಡಿಂಗ್ ಒವೇಶನ್. ಪ್ರಾಚೀನ ರೋಮ್‌ನಲ್ಲಿ ಮಾತ್ರ ಅದು ಎರಡನೇ ದರ್ಜೆಯ ವಿಜಯೋತ್ಸವ. ದೊಡ್ಡ ಗೆಲುವಾದರೆ ಸೇನಾಪತಿ ರಥ ಏರಿ ಬರುತ್ತಿದ್ದ, ಅದು ‘ಟ್ರಯಂಫ್’. ಅಷ್ಟು ದೊಡ್ಡದಲ್ಲದಿದ್ದರೆ ನಡೆದೋ ಕುದುರೆ ಮೇಲೋ ಬರುತ್ತಿದ್ದ, ಅದು ‘ಒವೇಶನ್’.

ಕಾಂಪ್ಲಿಮೆಂಟ್ ಎದುರಿಗೇ ಹೇಳುವ ಒಂದು ಒಳ್ಳೆಯ ಮಾತು, ‘ಈ ಬಣ್ಣ ನಿಮಗೆ ಚೆನ್ನಾಗಿ ಒಪ್ಪುತ್ತೆ’ ಅನ್ನುವಂಥದ್ದು. ಕೆಲಸ ಆಗಬೇಕೆಂದು ಬೆಣ್ಣೆ ಹಚ್ಚಿದರೆ ಅದು ಫ್ಲ್ಯಾಟರಿ, ನಮ್ಮ ಮುಖಸ್ತುತಿ.

ಕುಡೋಸ್ ಗ್ರೀಕ್ ಪದ, ಕೀರ್ತಿ ಎಂದರ್ಥ. ಕೊನೆಯ ‘ಸ್’ ನೋಡಿ ಬಹುವಚನ ಅಂದುಕೊಳ್ಳಬೇಡಿ, ಮೂಲದಲ್ಲಿ ಅದು ಏಕವಚನ. ಗೆಳೆಯರಿಗೆ, ತಂಡದವರಿಗೆ ‘ಕುಡೋಸ್ ಟು ಯು’ ಎಂದು ಬರೆಯಬಹುದು. ಸಂತಾಪ ಸಭೆಯ ಭಾಷಣಕ್ಕೋ ಅರ್ಜಿಗೋ ಅದು ಹೊಂದುವುದಿಲ್ಲ.